ಎದುರು ಮನೆಯ ಗೀಸರ್, ನನ್ನ ನವೆಂಬರ್

ನವೆಂಬರ್ 1, ಶನಿವಾರ

ಘನ ಅಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಾಲದೆ ನಿಂತಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಉಪ್ಪಿಟ್ಟಿನ ವಾಸನೆ ಹಿಡಿಯುತ್ತಿರುವ ಸಭಿಕರೇ,

ರಾಜ್ಯೋತ್ಸವದ ಈ ಶುಭದಿನ ಸಯನ್‌ನ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ನಡೆದ ಐತಿಹಾಸಿಕ ಘಟನೆಯನ್ನು ತಮ್ಮ ಗಮನಕ್ಕೆ ತರಲು ಹೆಮ್ಮೆಪಡುತ್ತೇನೆ. ನಾನು, ರಮಾನಾಥ, ಉಡುಪಿ ಕಡೆಯವನು, ಕನ್ನಡ ಮಾಧ್ಯಮದಲ್ಲೇ ಓದಿ ಬಿ.ಎ. ಮುಗಿಸಿದವನು, ಘಾಟ್ಕೋಪರ್‌ನ ಹೋಟೆಲೊಂದರ ಗಲ್ಲೆಯ ಹಿಂದೆ ದುಡ್ಡು ಎಣಿಸುತ್ತ ಯೌವನ ಕಳೆದವನು, ಇಂದು ನಮ್ಮ ಮನೆಯ ವೈಫೈಗೆ ಕನ್ನಡದಲ್ಲಿ ನಾಮಕರಣ ಮಾಡಿದೆ. ಇಷ್ಟು ದಿನ ಅದು ಇಂಗ್ಲಿಷಿನಲ್ಲಿ ‘ರಮಾನಾಥ್ ಹೋಮ್’ ಆಗಿತ್ತು. ಮೊದಲು ‘ಕನ್ನಡದ ತೇರು, ವೈಫೈಯ ಬೇರು’ ಎಂದು ಬರೆದೆ. ಹೆಸರು ಉದ್ದವಾಯಿತೆಂದು ರೂಟರ್ ತಿರಸ್ಕರಿಸಿತು. ರೂಟರಿಗೂ ವಿಮರ್ಶಕರ ಬುದ್ಧಿ. ಕೊನೆಗೆ ‘ನುಡಿಗುಡಿ’ ಎಂದೆ. ಸ್ವಚ್ಛ ಕನ್ನಡ ಲಿಪಿ. ಚಿಕ್ಕದು, ಚೊಕ್ಕದು, ಪ್ರಾಸವೂ ಪಕ್ಕಾ. ಒಪ್ಪಿಕೊಂಡಿತು.

ಮರುಕ್ಷಣವೇ ಜನತೆ ದಂಗೆಯೆದ್ದಿತು.

“ಎಂತ ಮಾಡಿದ್ರಿ ನೀವು? ಧಾರಾವಾಹಿ ಅರ್ಧಕ್ಕೆ ನಿಂತಿತಲ್ಲ!” ಎಂದು ಅಡುಗೆಮನೆಯಿಂದ ಹೆಂಡತಿ ವಿನೋದಿನಿ.

“ಪಪ್ಪಾ, ಕ್ಯಾ ಯಾರ್! ನನ್ನ ಲೆಕ್ಚರ್ ಚಾಲೂ ಇತ್ತು!” ಎಂದು ಕೋಣೆಯಿಂದ ಮಗಳು ಪ್ರಣೀತಾ.

ಹೆಸರು ಬದಲಾದರೆ ಹಳೇ ಗೆಳೆಯರು ಗುರುತು ಹಿಡಿಯುವುದಿಲ್ಲ, ಅಷ್ಟೇ ವಿಷಯ. ಇಬ್ಬರ ಫೋನು, ಟಿ.ವಿ., ಪ್ರಣೀತಾಳ ಲ್ಯಾಪ್‌ಟಾಪು, ಎಲ್ಲವನ್ನೂ ಒಂದೊಂದಾಗಿ ಹೊಸ ಹೆಸರಿಗೆ ಜೋಡಿಸಿದೆ. ಎಲ್ಲವೂ ಮುಗಿಯಿತೆಂದು ಘೋಷಿಸಿದೆ. ಚಪ್ಪಾಳೆ ಬೀಳಲಿಲ್ಲ.

ನವೆಂಬರ್ 2, ಭಾನುವಾರ

ಎದುರು ಮನೆಯ ಗೀಸರ್ ನಿಂತಿದೆ.

ಎದುರು ಮನೆಯೆಂದರೆ ಕೇಶವಮೂರ್ತಿ ಮತ್ತು ಪಂಕಜಮ್ಮ. ಮೈಸೂರು ಕಡೆಯವರು. ಮೂರ್ತಿಗಳು ವಿಮಾ ಕಚೇರಿಯಿಂದ ನಿವೃತ್ತರಾಗಿ ಬಹಳ ವರ್ಷವಾಯಿತು. ಮಗಳು ಸಾಧನಾ ಬೊರಿವಲಿಯಲ್ಲಿದ್ದಾಳೆ. ಪಂಕಜಮ್ಮನಿಗೆ ಸಂಧಿವಾತ. ಬೆಳಿಗ್ಗೆ ಏಳುವಾಗ ಎರಡೂ ಕೈಗಳು ಮುಷ್ಟಿ ಕಟ್ಟಿಕೊಂಡಿರುತ್ತವೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮಾತ್ರ ಬೆರಳುಗಳು ಒಂದೊಂದಾಗಿ ಬಿಡುತ್ತವೆ. ಅವರ ಗೀಸರಿನ ಸ್ವಿಚ್ಚನ್ನು ಹಳೇ ಕಾಲದ ಯಾವ ಪುಣ್ಯಾತ್ಮ ಹಾಕಿದನೋ, ಬಚ್ಚಲಿನ ಛಾವಣಿಯ ಹತ್ತಿರ, ಗೀಸರಿನ ಪಕ್ಕದಲ್ಲೇ ಕೂರಿಸಿದ್ದಾನೆ. ಮೂರ್ತಿಗಳು ದಿನಾ ಕಬ್ಬಿಣದ ಸ್ಟೂಲ್ ಹತ್ತಿ ಅದನ್ನು ಒತ್ತುತ್ತಿದ್ದರು. ಗಣೇಶ ಚೌತಿಯ ಸುಮಾರಿಗೆ ಸ್ಟೂಲಿನ ಮೇಲೆ ತಲೆ ತಿರುಗಿ, ಶವರಿನ ಪೈಪು ಹಿಡಿದು ನೇತಾಡಿ ಬದುಕಿಕೊಂಡರು. ಇನ್ನೊಮ್ಮೆ ಹತ್ತಿದರೆ ನನ್ನ ಹತ್ತಿರ ಬರಬೇಡಿ, ಸೀದಾ ಮೂಳೆ ಡಾಕ್ಟರ ಹತ್ತಿರ ಹೋಗಿ ಎಂದು ಅವರ ಡಾಕ್ಟರು ಗದರಿದರಂತೆ.

ಆಗ ನಾನೇ ಆ ಜಾಗಕ್ಕೆ ವೈಫೈ ಸ್ವಿಚ್ ಹಾಕಿಸಿದ್ದು. ಅವರ ಮನೆಯಲ್ಲಿ ವೈಫೈ ಇಲ್ಲ. ನಮ್ಮ ರೂಟರ್ ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನ ಮೇಲಿರುವುದರಿಂದ ಅದರ ಶಕ್ತಿ ಅಲ್ಲಿಯವರೆಗೂ ಮುಟ್ಟುತ್ತದೆ, ನಮ್ಮದನ್ನೇ ಜೋಡಿಸಿಕೊಟ್ಟೆ. ಪಂಕಜಮ್ಮ ಹಾಸಿಗೆಯಲ್ಲೇ ಫೋನಿನ ಮೇಲೆ ಬೆರಳ ಗೆಣ್ಣು ಒತ್ತಿದರೆ ಅಲ್ಲಿ ನೀರು ಕಾಯುತ್ತಿತ್ತು. ಸ್ಟೂಲ್ ಬಾಲ್ಕನಿ ಸೇರಿತು, ಅದರ ಮೇಲೆ ತುಳಸಿ ಕುಂಡ ಏರಿತು.

ಇವತ್ತು ಬೆಳಿಗ್ಗೆ ಮೂರ್ತಿಗಳು ಬಾಗಿಲು ತಟ್ಟಿದರು. “ರಮಾನಾಥರೇ, ನಿಮ್ಮ ಸ್ವಿಚ್ಚಿನ ನೀಲಿ ದೀಪ ನನಗೆ ಕಣ್ಣು ಹೊಡೀತಾ ಇದೆ ಕಣ್ರೀ. ನೀರು ಮಾತ್ರ ಕಾಯ್ತಿಲ್ಲ.”

“ಹೊಡೀಲಿ ಬಿಡಿ,” ಒಳಗಿನಿಂದ ಪಂಕಜಮ್ಮ, “ಈ ವಯಸ್ಸಲ್ಲಿ ನಿಮಗೆ ಕಣ್ಣು ಹೊಡೆಯೋದಕ್ಕೆ ಇನ್ಯಾರಿದ್ದಾರೆ.”

ದೀಪ ಮಿನುಗುತ್ತಿದ್ದರೆ ಅದು ವೈಫೈ ಹುಡುಕುತ್ತಿದೆಯೆಂದು ಅರ್ಥ. ತುಳಸಿಯನ್ನು ಇಳಿಸಿ, ಸ್ಟೂಲ್ ಹತ್ತಿ, ಸ್ವಿಚ್ಚಿನ ಪುಟ್ಟ ಗುಂಡಿಯನ್ನು ಕೈಯಲ್ಲೇ ಒತ್ತಿದೆ. ನೀರು ಕಾಯಿತು. ಫಿಲ್ಟರ್ ಕಾಫಿ ಬಂತು. ಸುಮ್ಮನೆ ಕುಡಿಯುವುದು ಹೇಗೆಂದು ಒಂದು ಚುಟುಕ ಹೇಳಿದೆ:

ನೀಲಿ ದೀಪ ನಿಲ್ಲಲಿಲ್ಲ, ನೀರು ಬಿಸಿ ಆಗಲಿಲ್ಲ,
ನೋಡಬಂದ ಪಂಡಿತನಿಗೆ ಕಾಫಿ ಮಾತ್ರ ತಪ್ಪಲಿಲ್ಲ.

ಪಂಕಜಮ್ಮ ಲೋಟ ಕೆಳಗಿಟ್ಟು ನಕ್ಕರು. ಮೂರ್ತಿಗಳು “ಇನ್ನೊಂದ್ಸಲ ಹೇಳಿ” ಎಂದರು. ಇನ್ನೊಂದ್ಸಲ! ನಮ್ಮ ಮನೆಯಲ್ಲಿ ನನಗೆ ಈ ಮಾತು ಹೇಳಿದವರು ಯಾರೂ ಇಲ್ಲ, ವಿನೋದಿನಿ ಅಕ್ಕಿ ಎಷ್ಟು ಹಾಕಲಿ ಎಂದು ಕೇಳಿ ನನ್ನ ಉತ್ತರ ಕೇಳಿಸದಿದ್ದಾಗ ಬಿಟ್ಟು.

ರೋಗನಿರ್ಣಯ: ಸ್ವಿಚ್ ಕಂಪನಿಯ ದೋಷ.

ನವೆಂಬರ್ 3, ಸೋಮವಾರ

ಕಂಪನಿಯ ಹುಡುಗಿಯೊಡನೆ ಫೋನಿನಲ್ಲಿ ಶಾಸ್ತ್ರಾರ್ಥ.

“ಸರ್, ರೂಟರ್ ಬಂದ್ ಕರ್‌ಕೆ ಚಾಲೂ ಕಿಯಾ?”

“ಕಿಯಾ.”

“ಏಕ್ ಬಾರ್ ಔರ್ ಕರಿಯೇ.”

ಕಿಯಾ. ಇನ್ನೊಮ್ಮೆ ಆರಿಸಿ ಹಚ್ಚಿದೆ. ಆಕೆಯೂ ಸುಸ್ತು, ನಾನೂ ಸುಸ್ತು, ದೀಪವೊಂದೇ ಚುರುಕು.

ಪೊರಕೆಯ ಹಿಡಿಯಿಂದ ಕೆಳಗಿನಿಂದಲೇ ಒತ್ತಲು ಮೂರ್ತಿಗಳು ಪ್ರಯೋಗ ಮಾಡಿದರು. ಗುಂಡಿ ಬಟಾಣಿಯಷ್ಟಿದೆ, ಹಿಡಿ ಜಾರಿ ಗೋಡೆಯ ಸುಣ್ಣ ಉದುರಿತು. ರಾತ್ರಿಯಿಡೀ ಹಚ್ಚಿಡೋಣವೆಂದರೆ ಅವರಿಗೆ ಭಯ. ಗ್ಯಾಸಿನ ಮೇಲೆ ಕಾಯಿಸೋಣವೆಂದರೆ ಕುದಿಯುವ ಪಾತ್ರೆ ಎತ್ತಲು ಆ ಮನೆಯಲ್ಲಿ ಗಟ್ಟಿ ಕೈಯಿಲ್ಲ.

“ರಿಪೇರಿ ಆಗುವ ತನಕ ದಿನಾ ಬೆಳಿಗ್ಗೆ ನಾನೇ ಬಂದು ಒತ್ತಿ ಹೋಗ್ತೇನೆ. ನೀವು ಮಾತ್ರ ಸ್ಟೂಲ್ ಹತ್ತಬಾರದು. ಮಾತು ಕೊಡಿ,” ಎಂದೆ.

ಮೂರ್ತಿಗಳು ಮದುವೆಮನೆಯಲ್ಲಿ ಕೊಡುವ ಹಾಗೆ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ನವೆಂಬರ್ 5, ಬುಧವಾರ

ಪ್ರಣೀತಾ ಕಾಲೇಜಿಗೆ ಹೊರಟವಳು ಶೂ ಕಟ್ಟಿಕೊಳ್ಳುತ್ತ ಕೇಳಿದಳು: “ಪಪ್ಪಾ, ನೀನು ರೋಜ್ ಸುಬಹ್ ಎದುರು ಮನೆಗೆ ಯಾಕೆ ಹೋಗ್ತೀ?”

ಹೇಳಿದೆ.

“ಅರೇ, ಸಿಂಪಲ್ ಹೈ ನಾ! ನೀನು ವೈಫೈ ಕಾ ನಾಮ್ ಚೇಂಜ್ ಮಾಡಿದೆ. ಅವರ ಗೀಸರ್ ಹಳೆ ನಾಮ್ ಹುಡುಕ್ತಾ ಇದೆ. ಸಿಕ್ತಾ ಇಲ್ಲ ಬಿಚಾರೇ ಕೋ.”

“ಹಾಗಾದರೆ ಹೊಸ ಹೆಸರಿಗೆ ಜೋಡಿಸಿದರಾಯ್ತು.”

“ಆಗಲ್ಲ. ಅಂಥ ಸಸ್ತಾ ಸ್ವಿಚ್‌ಗೆ ಇಂಗ್ಲಿಷ್ ನಾಮ್ ಮಾತ್ರ ಸಮಜ್ತಾ ಹೈ. ಕನ್ನಡ ಓದೋಕೆ ಬರಲ್ಲ ಅದಕ್ಕೆ.”

“ನಿನ್ನ ಹಾಗೆಯೇ,” ಎಂದೆ.

ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. “ಸ್ಕೂಲ್ ನಾನು ಚೂಸ್ ಮಾಡಿದ್ದಾ ಪಪ್ಪಾ?” ಎಂದು ಬಾಗಿಲು ಎಳೆದುಕೊಂಡು ಹೋದಳು. ನಿಜ. ಇಂಗ್ಲಿಷ್ ಶಾಲೆಯ ಫಾರಂಗಾಗಿ ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಂತವನು ನಾನೇ. ಆ ದಿನ ಸಾಲಿನಲ್ಲಿ ಮೊದಲನೆಯವನೆಂದು ಬೀಗಿದವನೂ ನಾನೇ.

ಅವಳ ವಾದವನ್ನು ಪರಿಶೀಲಿಸಲಾಗುವುದು.

ನವೆಂಬರ್ 6, ಗುರುವಾರ

ಪರಿಶೀಲನೆಯಲ್ಲಿದೆ. ಕಾಫಿ ಚೆನ್ನಾಗಿತ್ತು. ಜೊತೆಗೆ ಕೋಡುಬಳೆ.

ನವೆಂಬರ್ 9, ಭಾನುವಾರ

ಈಗೀಗ ಅಲಾರಂ ಬೇಕಿಲ್ಲ, ತಾನಾಗಿ ಎಚ್ಚರವಾಗುತ್ತದೆ. ಎದ್ದು, ಮುಖ ತೊಳೆದು, ತಲೆ ಬಾಚಿಕೊಂಡು ಹೋಗುತ್ತೇನೆ. “ಗೀಸರ್ ಒತ್ತಲಿಕ್ಕೆ ಇಸ್ತ್ರಿ ಶರ್ಟ್ ಬೇಕಾ ನಿಮಗೆ?” ಎಂದು ವಿನೋದಿನಿ ಹಾಸಿಗೆಯಿಂದಲೇ ಕೇಳಿದಳು. ಮಹಿಳೆಯರಿರುವ ಮನೆ, ಬನಿಯನ್ನಿನಲ್ಲಿ ಹೋಗಲಾಗುತ್ತದೆಯೇ ಎಂದೆ. “ನಾನೂ ಮಹಿಳೆಯೇ ಮಾರಾಯ್ರೆ,” ಎಂದು ಆಚೆ ಮಗ್ಗುಲಾದಳು.

ನೀರು ಕಾಯುವಷ್ಟು ಹೊತ್ತು ನಾವು ಮೂವರೂ ಹಾಲ್‌ನಲ್ಲಿ ಕೂರುತ್ತೇವೆ. ಆಮೇಲೆ ಮೂರ್ತಿಗಳು ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವೇ ತಂದು ಟಬ್ಬಿಗೆ ಸುರಿಯುತ್ತಾರೆ. ಪಂಕಜಮ್ಮ ಎರಡೂ ಕೈ ಮುಳುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೊದಲು ಹೆಬ್ಬೆರಳು ಬಿಡುತ್ತದೆ, ಆಮೇಲೆ ತೋರುಬೆರಳು. ಕಿರುಬೆರಳು ಬಿಡುವಾಗ ಅವರ ಮುಖ ನೋಡಬೇಕು. ಅದನ್ನು ಪ್ರಾಸದಲ್ಲಿ ಹಿಡಿಯಲು ನೋಡಿದೆ, ಆಗಲಿಲ್ಲ. ಬಿಟ್ಟೆ.

“ನಿಮ್ಮದೊಂದು ಆಗ್ಲಿ ರಮಾನಾಥರೇ,” ಎಂದರು ಕಣ್ಣು ಮುಚ್ಚಿಕೊಂಡೇ. “ಕೈ ಬಿಡೋ ಹೊತ್ತಿಗೆ ಏನಾದ್ರೂ ಕೇಳ್ತಾ ಇದ್ರೆ ನೋವು ಗೊತ್ತಾಗಲ್ಲ.”

ನಮ್ಮ ಹೋಟೆಲಿನ ಧಣಿ ಸುಕೇಶ್ ಬಗ್ಗೆ ಕಟ್ಟಿದ್ದು ಹೇಳಿದೆ, ಲೋಕಲ್ ರೈಲಿನ ನೂಕುನುಗ್ಗಲಿನ ಬಗ್ಗೆ ಕಟ್ಟಿದ್ದು ಹೇಳಿದೆ, ಕಾಲೇಜಿನಲ್ಲಿ ಬಹುಮಾನ ಬಂದದ್ದನ್ನೂ ಹೇಳಿದೆ. ಮೂರ್ತಿಗಳು ತಮ್ಮ ಕಚೇರಿಯ ಕಥೆ ತೆಗೆದರು. ಹನ್ನೆರಡು ವರ್ಷದಿಂದ ಬಾಗಿಲಿಗೆ ಬಾಗಿಲು. ಮೆಟ್ಟಿಲಲ್ಲಿ ಸಿಕ್ಕರೆ ‘ಆರಾಮಾ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಇಳಿದದ್ದೇ ಹೆಚ್ಚು. ಎಷ್ಟು ಕಾಫಿ, ಎಷ್ಟು ಬೆಳಗು ಸುಮ್ಮನೆ ಹೋಯಿತು ಎಂದು ರೈಲಿನಲ್ಲಿ ಘಾಟ್ಕೋಪರಿನ ತನಕ ಅದೇ ಯೋಚನೆ.

ನವೆಂಬರ್ 14, ಶುಕ್ರವಾರ

ರೂಟರನ್ನು ಚಪ್ಪಲಿ ಸ್ಟ್ಯಾಂಡಿನಿಂದ ಬಾಗಿಲ ಮೇಲಿನ ಹಲಗೆಗೆ ಏರಿಸಿದೆ. ಕೊಂಬುಗಳನ್ನು ಪೂರ್ವಕ್ಕೆ ತಿರುಗಿಸಿದೆ. ಮೂರ್ತಿಗಳು ಬಚ್ಚಲಿನಿಂದ “ಇನ್ನೂ ಕಣ್ಣು ಹೊಡೀತಿದೆ!” ಎಂದು ವರದಿ ಕೊಟ್ಟರು. ಪಶ್ಚಿಮಕ್ಕೆ ತಿರುಗಿಸಿದೆ. “ಈಗ್ಲೂ!” ಗೋಡೆ ಹಳೇದು, ಒಳಗೆ ಕಬ್ಬಿಣ ಜಾಸ್ತಿ ಎಂದು ವಿವರಿಸಿದೆ. ತರಂಗಗಳ ಬಗ್ಗೆ ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಮೂರ್ತಿಗಳು ತಲೆಯಾಡಿಸಿದರು. ಹಾಗೆ ತಲೆಯಾಡಿಸುವವರು ಸಿಕ್ಕರೆ ಮನುಷ್ಯ ಎಷ್ಟು ಬೇಕಾದರೂ ವಿಜ್ಞಾನ ಮಾತನಾಡಬಲ್ಲ.

“ನಾವೇ ಒಂದು ವೈಫೈ ಹಾಕಿಸಿಕೊಂಡ್ರೆ ಹೇಗೆ?” ಎಂದರು ಅವರು. “ಸಾಧನಾಗೆ ಹೇಳಿದ್ರೆ ನಾಳೆನೇ ಯಾರನ್ನಾದ್ರೂ ಕಳಿಸ್ತಾಳೆ.”

“ಛೇ, ಅವಳಿಗ್ಯಾಕೆ ತಲೆಬಿಸಿ? ನಾನಿಲ್ವಾ?” ಎಂದೆ. ಸ್ವಲ್ಪ ಜೋರಾಗಿಯೇ ಅಂದೆನೇನೋ. ಪಂಕಜಮ್ಮ ತಲೆಯೆತ್ತಿ ನೋಡಿದರು.

ಪ್ರಣೀತಾಳ ವಾದದ ವಿಷಯ: ಹಳೇ ಹೆಸರಿಗೆ ಮರಳಬಹುದು, ಆದರೆ ಇದು ನವೆಂಬರ್. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡವನ್ನು ಇಳಿಸಿ ಇಂಗ್ಲಿಷನ್ನು ಏರಿಸುವ ಕೆಲಸ ಈ ಕೈಯಿಂದ ಆಗದು. ಡಿಸೆಂಬರಿನಲ್ಲಿ ನೋಡೋಣ.

ನವೆಂಬರ್ 18, ಮಂಗಳವಾರ

ಮೂರ್ತಿಗಳಿಗೆ ಸಂಕೋಚ ಶುರುವಾಗಿದೆ. “ರಾತ್ರಿ ಹೋಟೆಲಿಂದ ತಡವಾಗಿ ಬರ್ತೀರಿ, ಬೆಳಿಗ್ಗೆ ಇಲ್ಲಿಗೆ ಓಡ್ತೀರಿ. ನಮಗೋಸ್ಕರ ಇಷ್ಟು ಒದ್ದಾಡೋದು ಸರಿಯಲ್ಲ ಕಣ್ರೀ. ಈಗ ತಲೆ ತಿರುಗೋದೂ ಕಡಿಮೆಯಾಗಿದೆ. ಒಂದಿನ ನಾನೇ ಹತ್ತಿ...”

“ಹತ್ತಿ ನೋಡಿ, ಆಮೇಲೆ ನಾನಿದ್ದೀನಿ,” ಎಂದರು ಪಂಕಜಮ್ಮ.

“ನೋಡಿದ್ರಾ? ಮುಷ್ಟಿ ಮೊದ್ಲೇ ಕಟ್ಕೊಂಡೇ ಇದ್ದಾಳೆ,” ಎಂದು ಮೂರ್ತಿಗಳು ನನಗೆ ತೋರಿಸಿದರು. ಮೂವರೂ ನಕ್ಕೆವು.

ಕೊಟ್ಟ ಮಾತನ್ನು ನೆನಪಿಸಿದೆ. ಸ್ಟೂಲನ್ನು ಬಾಲ್ಕನಿಗೆ ಒಯ್ಯುವುದು ಮರೆತು ಬಚ್ಚಲ ಬಾಗಿಲ ಪಕ್ಕದಲ್ಲೇ ಬಿಟ್ಟು ಬಂದೆ. ದಿನಾ ಅದನ್ನು ಎಳೆದಾಡುವುದೇಕೆ.

ನವೆಂಬರ್ 22, ಶನಿವಾರ

ಇವತ್ತು ಸಂಜೆ ಘಾಟ್ಕೋಪರ್‌ನಲ್ಲಿ ಕನ್ನಡ ಬಳಗದ ರಾಜ್ಯೋತ್ಸವ. ಚುಟುಕ ವಾಚನಕ್ಕೆ ನನ್ನ ಹೆಸರೂ ಇದೆ. ಧಣಿಗಳು ಗಲ್ಲೆಗೆ ಬೇರೆಯವರನ್ನು ಕೂರಿಸಿದ್ದಾರೆ. ಮನೆಯಲ್ಲೇ ಕೂತು ಆರಿಸಿದ್ದನ್ನು ಬಿಳಿ ಹಾಳೆಗೆ ಇಳಿಸಿದೆ.

ಹೊರಡುವಾಗ ಪ್ರಣೀತಾ ತಡೆದಳು. “ಪಪ್ಪಾ, ಫಂಕ್ಷನ್ ಮುಗಿಸಿ ಲೇಟ್ ಬರ್ತೀ. ಕಲ್ ಸುಬಹ್ ನಿನಗೆ ಎದ್ದೇಳೋಕೆ ಆಗಲ್ಲ. ಸಿರ್ಫ್ ಇವತ್ತು ಒಂದು ದಿನ ಹಳೆ ನಾಮ್ ಹಾಕು ನಾ. ಏಕ್ ಮಿನಿಟ್ ಕಾ ಕಾಮ್ ಹೈ. ನಾನು ಮಾಡ್ಲಾ?”

“ಬೇಡ. ನವೆಂಬರ್ ಮುಗಿಯಲಿ.”

“ಆಜ್ಜಿಗೆ ಕೈ ನೋವು ಆಗತ್ತೆ ಪಪ್ಪಾ.”

“ಅಜ್ಜಿ ಎನ್ನಬೇಕು. ಆ ಅಲ್ಲ, ಅ,” ಎಂದು ತಿದ್ದಿದೆ. ನಾನು ಹೇಗಿದ್ದರೂ ಏಳುತ್ತೇನಲ್ಲ. ಅಲಾರಂ ಬೇಕಾಗಿಲ್ಲ ಎಂದೆ.

ನವೆಂಬರ್ 23, ಭಾನುವಾರ

ಎಚ್ಚರವಾಗಲಿಲ್ಲ.

ನಿನ್ನೆ ನನ್ನ ಸರದಿ ಬರುವಷ್ಟರಲ್ಲಿ ಜನ ಊಟದ ಸಾಲಿಗೆ ಎದ್ದಿದ್ದರು. ಧ್ವನಿವರ್ಧಕದ ಹುಡುಗನಿಗೂ ಕನ್ನಡ ಬರುತ್ತಿರಲಿಲ್ಲ. ಖಾಲಿ ಕುರ್ಚಿಗಳಿಗೆ ಓದಿ, ತಣ್ಣಗಾದ ಹೋಳಿಗೆ ತಿಂದು, ಕೊನೆಯ ರೈಲುಗಳಲ್ಲೊಂದು ಹಿಡಿದು ಬಂದು ಮಲಗಿದೆ.

ಬೆಳಿಗ್ಗೆ ವಿನೋದಿನಿ ಭುಜ ಹಿಡಿದು ಅಲುಗಿಸಿದಳು. “ಏಳಿ! ಎದುರು ಮನೆಯಲ್ಲಿ ಎಂತದೋ ಬಿದ್ದ ಶಬ್ದ. ಪಂಕಜಮ್ಮ ಕೂಗ್ತಾ ಇದ್ದಾರೆ.”

ಬಾಗಿಲು ಒಳಗಿನಿಂದ ಹಾಕಿತ್ತು. ಪಂಕಜಮ್ಮನ ಮುಷ್ಟಿಗೆ ಚಿಲಕ ತೆಗೆಯಲಾಗಲಿಲ್ಲ. ಹೊರಗೆ ನಾವು, ಒಳಗೆ ಅವರು ಮುಷ್ಟಿಯಿಂದ ಬಾಗಿಲು ಗುದ್ದುತ್ತ “ರಮಾನಾಥರೇ, ರಮಾನಾಥರೇ” ಎನ್ನುತ್ತಿದ್ದರು. ಕೊನೆಗೆ ಮೊಣಕೈಯಿಂದ ಹೇಗೋ ತಳ್ಳಿ ತೆಗೆದರು.

ಮೂರ್ತಿಗಳು ಬಚ್ಚಲಿನಲ್ಲಿ ಒಂದು ಮಗ್ಗುಲಿಗೆ ಬಿದ್ದಿದ್ದರು. ಸ್ಟೂಲ್ ಅವರ ಕಾಲ ಮೇಲೆ. ಪ್ರಜ್ಞೆಯಿತ್ತು. “ಒತ್ತಿದೆ ಕಣ್ರೀ, ಒತ್ತಿದ ಮೇಲೇ ಬಿದ್ದದ್ದು,” ಎಂದರು. ನಿಜ, ಗೀಸರಿನ ಕೆಂಪು ದೀಪ ಉರಿಯುತ್ತಿತ್ತು.

ಸೊಂಟದ ಮೂಳೆ ಮುರಿದಿದೆ.

ಆಂಬುಲೆನ್ಸಿನಲ್ಲಿ ಅವರಿಬ್ಬರ ಜೊತೆ ವಿನೋದಿನಿ ಹೋದಳು. ಮನೆ ಭದ್ರ ಮಾಡಿ ಬರುತ್ತೇನೆಂದು ನಾನು ಉಳಿದೆ. ಕಾರಿಡಾರಿನಲ್ಲಿ ನಿಂತು ಫೋನು ತೆಗೆದು ಹಳೇ ಹೆಸರು ಹಾಕಿದೆ. ಅವರ ಬಚ್ಚಲಿಗೆ ಹೋಗಿ ನೋಡಿದಾಗ ನೀಲಿ ದೀಪ ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯುತ್ತಿತ್ತು. ನನ್ನ ಫೋನಿನಿಂದಲೇ ಗೀಸರ್ ಆರಿಸಿದೆ. ಟಿಕ್ ಎಂದಿತು. ಮತ್ತೆ ಹಚ್ಚಿದೆ. ಟಿಕ್. ಮತ್ತೆ ಆರಿಸಿದೆ.

ನವೆಂಬರ್ 25, ಮಂಗಳವಾರ

ಆಪರೇಷನ್ ಆಯಿತು. ಸಾಧನಾ ಬೊರಿವಲಿಯಿಂದ ಬಂದು ಆಸ್ಪತ್ರೆಯಲ್ಲೇ ಇದ್ದಾಳೆ. ಹೇಗಾಯಿತೆಂದು ಕೇಳಿದಳು. ಆ ಕಂಪನಿಯ ಸ್ವಿಚ್ಚೇ ಸರಿಯಿಲ್ಲ ಎಂದೆ. ಪ್ರಣೀತಾ ಪಕ್ಕದಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು. ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ನವೆಂಬರ್ 29, ಶನಿವಾರ

ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತದೆ. ಈಗ.

ಡಿಸೆಂಬರ್ 2, ಮಂಗಳವಾರ

ಇಬ್ಬರನ್ನೂ ಸಾಧನಾ ತನ್ನ ಮನೆಗೆ ಕರೆದುಕೊಂಡು ಹೋದಳು. ಸಯನ್ ಮನೆಯನ್ನು ಬಾಡಿಗೆಗೆ ಕೊಡುವುದೆಂದಾಗಿದೆ. ತುಳಸಿ ಕುಂಡ ಈಗ ನಮ್ಮ ಬಾಲ್ಕನಿಯಲ್ಲಿದೆ. ವಿನೋದಿನಿ ನೀರು ಹಾಕುತ್ತಾಳೆ. ನನಗೆ ಹಾಕಲು ಹೇಳಿದಳು, ಮರೆತೆ ಎಂದೆ.

ಡಿಸೆಂಬರ್ 7, ಭಾನುವಾರ

ಬೊರಿವಲಿಗೆ ಹೋಗಿಬಂದೆ. ದಾದರಿನಲ್ಲಿ ರೈಲು ಬದಲಾಯಿಸಿ, ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಒಂದು ಸಾಲು ಹುಟ್ಟಲಿಲ್ಲ.

ಮೂರ್ತಿಗಳು ದಿಂಬಿಗೊರಗಿ ಕೂತಿದ್ದರು. ಇಳಿದುಹೋಗಿದ್ದಾರೆ. ನನ್ನನ್ನು ಕಂಡು ಕೈ ಮುಗಿದರು. “ಕೈ ಮೇಲೆ ಕೈಯಿಟ್ಟು ಕೊಟ್ಟ ಮಾತು ತಪ್ಪಿದೆ ಕಣ್ರೀ. ನೀವು ಕ್ಷಮಿಸಬೇಕು.”

ಹಾಗೆಲ್ಲ ಅನ್ನಬೇಡಿ ಎಂದೆ.

“ಅಂಕಲ್, ನೀವು ಮಾಡಿದಷ್ಟು ಮಗಳಾಗಿ ನಾನೂ ಮಾಡ್ಲಿಲ್ಲ,” ಎಂದಳು ಸಾಧನಾ. ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ತಿಂದೆ.

ಪಂಕಜಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಮಧ್ಯಾಹ್ನವಾಗುತ್ತ ಬಂದಿತ್ತು. ಎರಡೂ ಕೈ ಇನ್ನೂ ಮುಷ್ಟಿಯಾಗಿಯೇ ಮಡಿಲಲ್ಲಿದ್ದವು.

“ಬಿಸಿನೀರು ಇಡಲಿಲ್ವಾ ಪಂಕಜಮ್ಮ?”

ಸಾಧನಾ ಒಳಗೆ ಹೋಗುವವರೆಗೆ ಕಾದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ನಾನೇ ಬೇಡ ಅಂತೀನಿ. ಆವತ್ತು ಬೆಳಿಗ್ಗೆ ನಿಮ್ಮ ದಾರಿ ಕಾಯ್ತಾ ಇದ್ವಿ. ಅವರು ಸುಮ್ನೆ ಪೇಪರ್ ಓದ್ತಾ ಇದ್ರು. ನಾನು ಒಂದ್ಸಲ, ಒಂದೇ ಒಂದ್ಸಲ, ‘ಅಯ್ಯೋ ಕೈ’ ಅಂದುಬಿಟ್ಟೆ ರಮಾನಾಥರೇ. ಪೇಪರ್ ಮಡಿಸಿಟ್ಟು ಎದ್ದು ಹೋದ್ರು. ಅಷ್ಟು ತಡ್ಕೊಳ್ಳೋಕೆ ಆಗ್ಲಿಲ್ವಲ್ಲ ನನಗೆ. ಈಗ ತಡ್ಕೊಳ್ಳೋದು ಕಲೀತಾ ಇದ್ದೀನಿ.”

“ಅದು ಕಂಪನಿಯವರ ತಪ್ಪು, ನಿಮ್ಮದಲ್ಲ,” ಎಂದೆ.

ಅವರು ತಲೆಯಾಡಿಸಲಿಲ್ಲ. ಕಿಟಕಿಯ ಆಚೆ ನೋಡಿದರು. “ಒಂದು ಹೇಳಿ ಹೋಗಿ,” ಎಂದರು. “ಯಾವುದಾದ್ರೂ.”

ಯಾವುದೂ ಬರಲಿಲ್ಲ. ರೈಲಿಗೆ ಹೊತ್ತಾಯಿತೆಂದು ಎದ್ದುಬಂದೆ.

ಘನ ಅಧ್ಯಕ್ಷರೇ, ಮಾನ್ಯ ಸಭಿಕರೇ, ಈ ದುರ್ಘಟನೆಯ ಕುರಿತು ನಾಲ್ಕು ಮಾತು

ಇಲ್ಲ. ಇಲ್ಲಿ ಯಾರೂ ಇಲ್ಲ.

ಪಂಕಜಮ್ಮ, ಕೈಯನ್ನು ಬಿಸಿನೀರಿನಲ್ಲಿಡಿ. ತಪ್ಪು ನಿಮ್ಮದಲ್ಲ, ಕಂಪನಿಯದೂ ಅಲ್ಲ. ಪ್ರಣೀತಾ ಹೇಳಿದ ದಿನವೇ ನನಗೆ ಗೊತ್ತಿತ್ತು. ಹಳೇ ಹೆಸರು ಹಾಕಿದ್ದರೆ ಅವತ್ತೇ ಎಲ್ಲ ಸರಿಯಾಗುತ್ತಿತ್ತು. ನಾನು ಹಾಕಲಿಲ್ಲ. ಕನ್ನಡಕ್ಕಾಗಿ ಅಲ್ಲ. ಗೀಸರ್ ಸರಿಹೋದರೆ ಬೆಳಿಗ್ಗೆ ನೀವು ನನ್ನನ್ನು ಕರೆಯುತ್ತಿರಲಿಲ್ಲ.